ಹನ್ನೊಂದು ಸೆಂಟಿನ ಉಳಿತಾಯ



ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ಸಂಜೆ ಫ್ಯಾನ್ ಆರಿಸದೆ ಹೊರಟ ಹುಡುಗರನ್ನು ನಾನು ಶಾಲೆಯ ಗೇಟಿನಿಂದ ಹಿಂದಕ್ಕೆ ಕರೆಸುತ್ತಿದ್ದೆ. ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ಟು ಬರುತ್ತದೆ ಎಂಬ ಪಾಠವನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಆ ಗುಂಡಿಗಳ ಎದುರು ನಿಲ್ಲಿಸಿಯೇ ಕಲಿಸಿದೆ. ಅಂಥ ನಾನು ಗುಂಡಿ ಆರಿಸಿಯೇ ತಪ್ಪು ಮಾಡಿದ ಕಥೆಯನ್ನು ಇಂದು ಬರೆಯುತ್ತಿದ್ದೇನೆ.

2023ರಲ್ಲಿ ನಾನೂ ನನ್ನ ಪತ್ನಿಯೂ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯನ ಹವ್ಯಾಸ ಹವಳದ ತೊಟ್ಟಿ. ನಡುಮನೆಯ ಗೋಡೆಗೆ ತಾಗಿಸಿ ಇಟ್ಟ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಸುಮಾರು 284 ಲೀಟರ್ ಉಪ್ಪುನೀರು, ಕಲ್ಲುಗಳ ಮೇಲೆ ಗೆಲ್ಲು ನೆಟ್ಟಂತೆ ಬೆಳೆಸಿದ ಹವಳದ ತುಂಡುಗಳು. ಎರಡು ಕ್ಲೌನ್ ಮೀನುಗಳಿದ್ದವು. ಜೊತೆಗೆ ಅಚ್ಚ ಹಳದಿಯ ಟ್ಯಾಂಗ್ ಮೀನೊಂದು. ಹನ್ನೊಂದು ವರ್ಷದ ಮೊಮ್ಮಗ ಅದಕ್ಕೆ 'ಲಿಂಬು' ಎಂದು ಹೆಸರಿಟ್ಟಿದ್ದ. ನಾನು ಕಲಿಸಿದ ಕನ್ನಡ ಪದಗಳಲ್ಲಿ ಅವನಿಗೆ ಬಹಳ ಹಿಡಿಸಿದ ಪದ ಅದು.

ಊರಿನ ಹುಡುಗರು ಇದನ್ನು ಓದಿ ಆಸೆಪಡಬಾರದೆಂದು ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಆದರೆ ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಅವುಗಳನ್ನು ಕಿತ್ತು ತಂದು ಮನೆಯಲ್ಲಿಡುವುದು ಅಪರಾಧ.

ತೊಟ್ಟಿಯಲ್ಲಿ ನನ್ನನ್ನು ಸೆಳೆದದ್ದು ನೀರಿನ ಓಟ. ಹವಳವು ಗಿಡದಂತೆ ಕಂಡರೂ ಪ್ರಾಣಿ; ಇದ್ದಲ್ಲಿಂದ ಕದಲದ ಪ್ರಾಣಿ. ಆಹಾರವೂ ಆಮ್ಲಜನಕವೂ ತಾವಾಗಿ ಅದರ ಬಳಿಗೆ ಬರಬೇಕು. ಅದು ಬಿಟ್ಟ ಲೋಳೆಯನ್ನೂ ಕೊಳೆಯನ್ನೂ ನೀರೇ ಒಯ್ಯಬೇಕು. ನೀರು ನಿಂತರೆ ಹವಳದ ಮೈಗೆ ಅಂಟಿಕೊಂಡ ತೆಳುಪದರವೊಂದು ದಪ್ಪವಾಗುತ್ತದೆ. ಆ ಪದರವನ್ನು ದಾಟಿ ಆಮ್ಲಜನಕ ಒಳಗೆ ಸೇರುವುದು ನಿಧಾನವಾಗುತ್ತದೆ. ಹಾಗೆಂದು ಒಂದೇ ಕಡೆಯಿಂದ ಬಿರುಸಾಗಿ ಹೊಡೆಯುತ್ತಿದ್ದರೆ ಮೈಯ ಮಾಂಸವೇ ಕಿತ್ತುಹೋದೀತು. ಆದ್ದರಿಂದ ಎರಡು ಬದಿಗಳಲ್ಲಿ ಅಲೆಯೆಬ್ಬಿಸುವ ಪಂಪುಗಳಿದ್ದು, ಸರದಿಯಂತೆ ನೀರನ್ನು ಕಲಕುತ್ತಿದ್ದವು. ಕೆಳಗೆ ನಮ್ಮ ಮನೆಗಳ ಸಂಪಿನಂತೆಯೇ ಒಂದು ಸಂಪು. ಅದರಲ್ಲಿ ಹೀಟರು, ನೊರೆಯೊಡನೆ ಕೊಳೆ ಎತ್ತುವ ಸ್ಕಿಮ್ಮರ್, ಶುದ್ಧವಾದ ನೀರನ್ನು ಮೇಲಕ್ಕೆ ಹತ್ತಿಸುವ ಪಂಪು.

ಮೇಷ್ಟರಿಗೆ ಇಷ್ಟು ಸಿಕ್ಕರೆ ಸಾಲದೇ? ಮೊಮ್ಮಗನನ್ನು ಕೂರಿಸಿಕೊಂಡು ಅಳೆಯಲು ತೊಡಗಿದೆ. ನೀರೆತ್ತುವ ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 4000 ಲೀಟರ್ ಎಂದಿತ್ತು. ನಳಿಕೆಯ ಬಾಯಿಗೆ ಎರಡು ಲೀಟರಿನ ಜಗ್ಗು ಹಿಡಿದೆವು; ಮೂರು ಸೆಕೆಂಡಿಗೆ ತುಂಬಿತು. ಎಂದರೆ ಗಂಟೆಗೆ 2400 ಲೀಟರ್. ಉಳಿದುದನ್ನು ಎತ್ತರವೂ ಕೊಳವೆಯ ತಿರುವುಗಳೂ ನುಂಗಿದ್ದವು. ಆ ಪಂಪಿಗೆ 40 ವ್ಯಾಟ್. ಅಲೆಯ ಪಂಪು ಹತ್ತೇ ವ್ಯಾಟಿನದು. ನೀರನ್ನು ಎತ್ತದೆ ಬರಿದೇ ತಳ್ಳುವುದರಿಂದ ಅದರ ಲೆಕ್ಕ ಗಂಟೆಗೆ 4000 ಲೀಟರ್. ಎಲ್ಲ ಸೇರಿದರೆ ತೊಟ್ಟಿಯ ನೀರಿನ ಸುಮಾರು 36 ಪಟ್ಟು ಗಂಟೆಗೊಮ್ಮೆ ಸುಳಿದಾಡುತ್ತಿತ್ತು.

ಬಳಿಕ ಖರ್ಚಿನ ಲೆಕ್ಕ. ಸ್ಕಿಮ್ಮರಿನ 20 ವ್ಯಾಟ್ ಸೇರಿ ಪಂಪುಗಳು ಒಟ್ಟು 80 ವ್ಯಾಟ್. ಹಗಲಿರುಳು ಓಡಿ ತಿಂಗಳಿಗೆ ಸುಮಾರು 58 ಯೂನಿಟ್. 200 ವ್ಯಾಟಿನ ದೀಪಗಳು ದಿನಕ್ಕೆ ಒಂಬತ್ತು ಗಂಟೆ ಉರಿದು 54. 300 ವ್ಯಾಟಿನ ಹೀಟರು ದಿನಕ್ಕೆ ಎಂಟು ಗಂಟೆಯೆಂದರೂ 72. ಯೂನಿಟ್ಟಿಗೆ 18 ಸೆಂಟಿನಂತೆ ತಿಂಗಳಿಗೆ 33 ಡಾಲರು! ವಾರವಾರ ಬದಲಿಸುವ 28 ಲೀಟರ್ ನೀರಿಗೆ ಬೇಕಾದ ಸುಮಾರು ಒಂದು ಕಿಲೋ ಉಪ್ಪು ಬೇರೆ. ಮೂರು ಮೀನಿಗೆ ಇಷ್ಟು ಖರ್ಚೇ ಎಂದು ನನ್ನೊಳಗಿನ ಹಳೆಯ ಮೇಷ್ಟರು ಗೊಣಗಿದರು.

ಅಕ್ಟೋಬರಿನಲ್ಲಿ ಮಗಳೂ ಅಳಿಯನೂ ಎರಡು ದಿನಕ್ಕೆ ಸ್ನೇಹಿತರ ಮನೆಯ ಮದುವೆಗೆ ಹೋದರು. ಮೀನಿಗೆ ಎಷ್ಟು ಆಹಾರ ಹಾಕಬೇಕೆಂದು ಅಳಿಯ ಹೇಳಿದ್ದ. ಪಂಪಿನ ಮಾತು ಎತ್ತಿರಲಿಲ್ಲ, ಎತ್ತುವ ಅಗತ್ಯವಿದೆಯೆಂದು ಅವನಿಗೆ ತೋಚಿರಲಾರದು. ರಾತ್ರಿ ಹತ್ತಕ್ಕೆ ತೊಟ್ಟಿಯ ದೀಪ ತಾನಾಗಿ ಆರಿತು. ಎಲ್ಲರೂ ಮಲಗಿರುವಾಗ ಪಂಪುಗಳೇಕೆ ಓಡಬೇಕು ಎನಿಸಿತು. ಶಾಲೆಯ ಫ್ಯಾನುಗಳ ನೆನಪಿನಲ್ಲೇ ಆ ಗುಂಡಿಯನ್ನೂ ಆರಿಸಿ ಮಲಗಿದೆ.

ಬೆಳಗ್ಗೆ ಐದೂವರೆಗೆ ಎದ್ದು ಬಂದೆ. ಲಿಂಬು ಮೇಲ್ಮೈಗೆ ಮೂತಿ ಹಚ್ಚಿ ಬಾಯಿ ಬಡಿಯುತ್ತಿತ್ತು. ಹವಳಗಳು ಮುದುಡಿ ಲೋಳೆ ಸುತ್ತಿಕೊಂಡಿದ್ದವು. ಗುಂಡಿ ಒತ್ತಿ ಅಳಿಯನಿಗೆ ಫೋನು ಮಾಡಿದೆ. "ಮಾವ, ಜಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಲೇ ಇರಿ, ಗಾಳಿ ಬೆರೆಯಲಿ" ಎಂದ. ಮೊಮ್ಮಗನೂ ನಾನೂ ಸರದಿಯಲ್ಲಿ ಸುರಿದೆವು. ಕ್ಲೌನ್ ಮೀನುಗಳು ಚೇತರಿಸಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಲಿಂಬು ಮಗ್ಗುಲಾಗಿ ತಳಕ್ಕೆ ಇಳಿಯಿತು.

ಮೊಮ್ಮಗ ಅಳಲಿಲ್ಲ. "ಅಜ್ಜ, ರಾತ್ರಿ ಅವು ಉಸಿರಾಡುವುದಿಲ್ಲವಾ?" ಎಂದಷ್ಟೇ ಕೇಳಿದ.

ಮೂವತ್ತೆರಡು ವರ್ಷ ದ್ಯುತಿಸಂಶ್ಲೇಷಣೆಯ ಪಾಠ ಮಾಡಿದವನು ನಾನು! ಹವಳದ ಮೈಯೊಳಗಿನ ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಪಾಚಿ, ಹವಳ, ಮೀನು, ಕಲ್ಲಿನೊಳಗಿನ ಸೂಕ್ಷ್ಮಜೀವಿಗಳೆಲ್ಲ ಅದನ್ನು ಬಳಸುತ್ತಲೇ ಇರುತ್ತವೆ. ಬೆಚ್ಚಗಿನ ಉಪ್ಪುನೀರು ತಣ್ಣನೆಯ ಸಿಹಿನೀರಿನಷ್ಟು ಆಮ್ಲಜನಕವನ್ನು ಹಿಡಿದಿಡಲಾರದು. ಮೇಲ್ಮೈ ಕದಡುತ್ತಿದ್ದರೆ ಮಾತ್ರ ಕೊರತೆ ತುಂಬೀತು. ಪಂಪಿನ ಅಗತ್ಯ ಹೆಚ್ಚಾಗಿರುವ ಹೊತ್ತೇ ರಾತ್ರಿ. ಅದೇ ಹೊತ್ತಿನಲ್ಲಿ ನಾನು ಆರಿಸಿದ್ದೆ.

ಆ ಸಂಜೆ ಇನ್ನೊಂದು ಲೆಕ್ಕ ಮಾಡಿದೆ. 80 ವ್ಯಾಟ್, ಏಳೂವರೆ ಗಂಟೆ: 0.6 ಯೂನಿಟ್. ನಾನು ಉಳಿಸಿದ್ದು ಹನ್ನೊಂದು ಸೆಂಟು, ಅಂದಿನ ನಮ್ಮ ಲೆಕ್ಕದಲ್ಲಿ ಒಂಬತ್ತು ರೂಪಾಯಿ.

ಹಿಂದಿರುಗಿದ ಅಳಿಯ ಒಂದು ಬಿರುಸು ಮಾತನ್ನೂ ಆಡಲಿಲ್ಲ. "ಕರೆಂಟು ಹೋಗಿದ್ದರೂ ಇದೇ ಆಗುತ್ತಿತ್ತು ಮಾವ, ನಾನೇ ಸಿದ್ಧವಾಗಿರಬೇಕಿತ್ತು" ಎಂದು, ವಿದ್ಯುತ್ ನಿಂತರೆ ತಾನಾಗಿ ಓಡುವ ಬ್ಯಾಟರಿಯ ಗಾಳಿಪಂಪು ತಂದಿಟ್ಟ. ಹವಳಗಳು ಮೂರನೆಯ ದಿನ ಅರಳಿದವು; ಕವಲುಕೊಂಬೆಯಂಥ ಒಂದು ತುಂಡು ಮಾತ್ರ ಬೆಳ್ಳಗಾಯಿತು. ಮಿತವ್ಯಯದ ನನ್ನ ಹುಚ್ಚಿಗೆಂದು ದೀಪವನ್ನು ದಿನಕ್ಕೆ ಒಂದು ಗಂಟೆ ಇಳಿಸಿದ. ತಿಂಗಳಿಗೆ ಆರು ಯೂನಿಟ್ ಉಳಿಯಿತು, ಯಾರಿಗೂ ಕೇಡಾಗಲಿಲ್ಲ.

ಮಿತವ್ಯಯ ತಪ್ಪೆಂದು ನಾನು ಈಗಲೂ ಹೇಳಲಾರೆ. ಫ್ಯಾನು ಆರಿಸುವಾಗ ಕೋಣೆ ಖಾಲಿಯಿದೆಯೇ ಎಂದು ನಾವು ಮೊದಲು ನೋಡುತ್ತಿದ್ದೆವು. ಆ ರಾತ್ರಿ ನಾನು ನೋಡಿರಲಿಲ್ಲ, ಅಷ್ಟೆ.

ಮರುವಾರ ಆ ಗುಂಡಿಯ ಮೇಲೆ ಒಂದು ಚೀಟಿ ಅಂಟಿತ್ತು. ಮೊಮ್ಮಗ ತಾನಾಗಿ ಬರೆದ ಮೊದಲ ಕನ್ನಡ ವಾಕ್ಯ: "ಅಜ್ಜ ಇದನ್ನು ಆರಿಸ ಬೆಡಿ." ಒಂದು ದೀರ್ಘ ಬಿಟ್ಟುಹೋಗಿತ್ತು. ನಾನು ತಿದ್ದಲಿಲ್ಲ.