ಕಪಾಟಿನ ಬೀಗದ ಕೈ

ಚಳ್ಳಕೆರೆ ಸೀಮೆಯ ನಮ್ಮ ಊರಿನ ಜಿನಮಂದಿರದಲ್ಲಿ ಒಂದು ಪುಸ್ತಕದ ಕಪಾಟಿದೆ. ಕಡಲೆಕಾಯಿ ವ್ಯಾಪಾರದ ನಡುವೆ ಬಿಡುವು ಮಾಡಿಕೊಂಡು ಹನ್ನೆರಡು ವರ್ಷ ಅದರ ಮೇಲ್ವಿಚಾರಣೆಯನ್ನು ನಾನು ನೋಡಿಕೊಂಡೆ. ಯಾವ ಗ್ರಂಥ ಒಳಗೆ ಬರಬೇಕು, ಯಾವುದು ಬರಬಾರದು ಎಂಬ ತೀರ್ಮಾನ ನನ್ನದೇ ಆಗಿತ್ತು. ಶ್ರಾವಕಾಚಾರ, ಪೂಜಾಪಾಠ, ತತ್ತ್ವವಿವೇಚನೆ ಇವನ್ನು ಬಿಟ್ಟು ಬೇರೇನನ್ನೂ ನಾನು ಸೇರಿಸಲಿಲ್ಲ. ಕಾದಂಬರಿ ಎಂದರೆ ಕಾಲಹರಣ, ಲೌಕಿಕ ವಿದ್ಯೆಗೆ ಶಾಲೆಯಿದೆ ಎಂಬುದು ನನ್ನ ವಾದ. ಓದಲು ಒಯ್ದವರ ಸಹಿಗಳು ವರ್ಷಕ್ಕೆ ಹತ್ತೂ ಆಗುತ್ತಿರಲಿಲ್ಲ. ಜನರ ಧರ್ಮಶ್ರದ್ಧೆ ಕುಂದಿದ್ದೇ ಇದಕ್ಕೆ ಕಾರಣವೆಂದು ಟ್ರಸ್ಟಿನ ಸಭೆಯಲ್ಲಿ ವರದಿ ಮಾಡುತ್ತಿದ್ದೆ.

ಮನೆಯಲ್ಲಿಯೂ ಇದೇ ನಿಯಮ. ಮಗಳು ಪಿ.ಯು.ಸಿ. ಓದುತ್ತಿದ್ದಾಗ, ಗೆಳತಿಯಿಂದ ತಂದಿದ್ದ ತ್ರಿವೇಣಿಯವರ ‘ಶರಪಂಜರ’ ಕಾದಂಬರಿ ಅವಳ ದಿಂಬಿನ ಕೆಳಗೆ ನನಗೆ ಸಿಕ್ಕಿತು. ಒಂದು ಪುಟವನ್ನೂ ಓದಿ ನೋಡದೆ ಅದನ್ನು ಗೆಳತಿಯ ಮನೆಗೆ ಹಿಂದಿರುಗಿಸಿ ಬಂದೆ. ಮಗಳು ಎದುರಾಡಲಿಲ್ಲ. ಆದರೆ ತಾನು ಏನು ಓದುತ್ತಿದ್ದೇನೆಂದು ನನಗೆ ಹೇಳುವುದನ್ನು ಅಂದಿನಿಂದ ನಿಲ್ಲಿಸಿದಳು. ಅದನ್ನು ನಾನು ವಿಧೇಯತೆಯೆಂದು ಭಾವಿಸಿದೆ.

ಕೆಲವು ವರ್ಷಗಳ ಬಳಿಕ ನನ್ನ ತಮ್ಮನ ಸೊಸೆಗೆ ಹೆರಿಗೆಯಾಯಿತು. ಮೂರನೆಯ ವಾರದಿಂದ ಆಕೆಗೆ ನಿದ್ರೆ ಹತ್ತದಾಯಿತು. ಮಗುವನ್ನು ಕಂಡರೆ ಬೆದರುವಳು. ಯಾರೋ ಕರೆಯುತ್ತಿದ್ದಾರೆಂದು ನಡುರಾತ್ರಿ ಬಾಗಿಲ ಬಳಿ ಹೋಗಿ ನಿಲ್ಲುವಳು. ಮನೆಯ ಹಿರಿಯನೆಂದು ನನ್ನ ಅಭಿಪ್ರಾಯ ಕೇಳಿದರು. ಪೂರ್ವಕರ್ಮದ ಉದಯವೆಂದೆ, ಜಪ, ಶಾಂತಿವಿಧಾನಗಳನ್ನು ಸೂಚಿಸಿದೆ. ಹತ್ತು ದಿನಗಳು ಹಾಗೆಯೇ ಕಳೆದವು. ಆಗ ಊರಿಗೆ ಬಂದ ಮಗಳು ಒಂದು ರಾತ್ರಿಯೆಲ್ಲ ಅವಳ ಬಳಿ ಕುಳಿತಿದ್ದು, ಬೆಳಗಾಗುತ್ತಲೇ ನನ್ನೆದುರು ಬಂದು ನಿಂತಳು.

“ಅಪ್ಪಾಜಿ, ಇದು ಬಾಣಂತಿಯರಿಗೆ ಬರುವ ಮನಸ್ಸಿನ ಕಾಯಿಲೆ. ಇದಕ್ಕೆ ಔಷಧವಿದೆ. ತಡಮಾಡಿದರೆ ಅತ್ತಿಗೆಗೂ ಅಪಾಯ, ಮಗುವಿಗೂ ಅಪಾಯ. ಇವತ್ತೇ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು.”

ನಿನಗಿದು ಹೇಗೆ ತಿಳಿಯಿತೆಂದು ಕೇಳಿದೆ. “ನೀವು ಹಿಂದಿರುಗಿಸಿದ ಪುಸ್ತಕವನ್ನು ಹಾಸ್ಟೆಲಿನಲ್ಲಿ ಓದಿದೆ. ಆಮೇಲೆ ವೈದ್ಯರು ಬರೆದ ಪುಸ್ತಕಗಳನ್ನೂ ಹುಡುಕಿ ಓದಿದೆ” ಎಂದಳು.

ಅಂದೇ ಆಸ್ಪತ್ರೆಗೆ ಸೇರಿಸಿದೆವು. ಕೆಲವು ತಿಂಗಳುಗಳಲ್ಲಿ ಸೊಸೆ ಗುಣಮುಖಳಾದಳು. ಆಕೆ ಮನೆಗೆ ಮರಳುವ ಮುನ್ನ ನಾನು ‘ಶರಪಂಜರ’ವನ್ನು ಓದಿದೆ. ಅದರಲ್ಲಿ ಕಾವೇರಿಯ ಬಾಳನ್ನು ಮುರಿಯುವುದು ರೋಗವೊಂದೇ ಅಲ್ಲ. ಗುಣವಾಗಿ ಬಂದವಳನ್ನು ಗಂಡನೂ ನೆರೆಹೊರೆಯವರೂ ಕಾಣುವ ರೀತಿ. ವೈದ್ಯಗ್ರಂಥ ರೋಗವನ್ನು ತಿಳಿಸಿತ್ತು; ಕಥೆ ರೋಗಿಯನ್ನು ತೋರಿಸಿತು. ನಮ್ಮ ಮನೆಗೆ ಎರಡೂ ಬೇಕಾದವು. ನಾನು ಎರಡನ್ನೂ ಹೊರಗಿಟ್ಟಿದ್ದೆ.

ಪಶ್ಚಾತ್ತಾಪದಿಂದ ನಮ್ಮ ಪರಂಪರೆಯನ್ನೇ ಮತ್ತೊಮ್ಮೆ ಪರಿಶೀಲಿಸಿದೆ. ಸಮಂತಭದ್ರಾಚಾರ್ಯರು ವಿವರಿಸುವ ನಾಲ್ಕು ಅನುಯೋಗಗಳಲ್ಲಿ ಮೊದಲನೆಯದಾದ ಪ್ರಥಮಾನುಯೋಗವು ಪುರಾಣ, ಚರಿತೆಗಳದು, ಅಂದರೆ ಕಥೆಗಳದು. ಲೋಕಸ್ವರೂಪ, ಆಚರಣೆ, ತತ್ತ್ವ ಇವು ಅನಂತರ ಬರುತ್ತವೆ. ಪಂಪನು ಆದಿಪುರಾಣವನ್ನು ರಚಿಸಿದಂತೆಯೇ ಲೌಕಿಕ ಕಾವ್ಯವಾದ ವಿಕ್ರಮಾರ್ಜುನ ವಿಜಯವನ್ನೂ ರಚಿಸಿದನು. ಮಹಾವೀರಾಚಾರ್ಯರು ಗಣಿತವನ್ನೂ ಉಗ್ರಾದಿತ್ಯಾಚಾರ್ಯರು ವೈದ್ಯವನ್ನೂ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಯನ್ನೂ ಕುರಿತು ಗ್ರಂಥ ಬರೆದರು. ಪೂರ್ವಿಕರು ತೆರೆದಿಟ್ಟ ಬಾಗಿಲಿಗೆ ನಾನು ಧರ್ಮದ ಹೆಸರಿನಲ್ಲಿ ಬೀಗ ಹಾಕಿದ್ದೆನೆಂಬುದು ಆಗ ಮನವರಿಕೆಯಾಯಿತು.

ಕಳೆದ ಚಳಿಗಾಲದಲ್ಲಿ ಮಗಳೊಡನೆಯೂ ಮೊಮ್ಮಗನೊಡನೆಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿದ್ದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಗುರುಗೌರವ ಇವು ಅದು ಸಾರುವ ಧರ್ಮ. ಬರೆದವನು ಚಪಡನೆಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಮೊಮ್ಮಗ ಕೇಳಿದ: “ಅಜ್ಜ, ಇಲ್ಲಿಯವರಿಗೆ ಬಾರದ ಲಿಪಿಯಲ್ಲಿ ಯಾಕೆ ಬರೆದ?” ನನ್ನಲ್ಲಿ ಉತ್ತರವಿರಲಿಲ್ಲ. ಎರಡು ಲಿಪಿ ಬಲ್ಲವನೊಬ್ಬನು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಸೀಮೆಯಲ್ಲಿ ಉಳಿ ಹಿಡಿದಿದ್ದನೆಂಬುದೇ ಸಂತೋಷ ತಂದಿತು. ಅದೇ ಅಶೋಕನ 12ನೆಯ ಶಿಲಾಶಾಸನದ ಭಾಗಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿ ದೊರೆತವು. ಎಲ್ಲ ಪಂಥದವರೂ ಒಬ್ಬರ ಧರ್ಮವನ್ನೊಬ್ಬರು ಕೇಳಿ ಬಹುಶ್ರುತರಾಗಬೇಕು, ತನ್ನದನ್ನೇ ಹೊಗಳಿ ಪರರದನ್ನು ತೆಗಳುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎಂಬುದು ಆ ಶಾಸನದ ಆಶಯ. ಅನೇಕಾಂತವನ್ನು ಬಾಯಲ್ಲಿ ಹೇಳುವ ನಮಗೆ ಇದು ಹೊಸ ಮಾತಾಗಬಾರದು.

ಈಗ ನಾವು ಪುಸ್ತಕ ಕೊಳ್ಳುವಾಗ ನಾಲ್ಕರ ಲೆಕ್ಕ ಹಿಡಿದಿದ್ದೇವೆ: ಒಂದು ಕಥೆ, ಒಂದು ಲೋಕಜ್ಞಾನ, ಒಂದು ಬದುಕಿನ ಚರಿತ್ರೆ, ಒಂದು ತತ್ತ್ವ. ಅನುಯೋಗಗಳ ಸಂಖ್ಯೆಯಿಂದ ಪ್ರೇರಿತವಾದರೂ ಈ ವಿಂಗಡಣೆ ನಮ್ಮದೇ. ತಳುಕಿನ ಮನೆತನದ ತ.ರಾ.ಸು. ಅವರ ‘ದುರ್ಗಾಸ್ತಮಾನ’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಚಳ್ಳಕೆರೆ ತಾಲ್ಲೂಕಿನವರೇ ಆದ ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಹೀಗೆ ಶ್ರಾವಕಾಚಾರದ ಪಕ್ಕಕ್ಕೆ ಬಂದು ಕುಳಿತಿವೆ. ಸಿಕ್ಕಿದ್ದೆಲ್ಲವೂ ಯೋಗ್ಯವೆಂದು ನನ್ನ ಮಾತಲ್ಲ. ಕ್ರೌರ್ಯವನ್ನೋ ದ್ವೇಷವನ್ನೋ ಮಾರುವ ಪುಸ್ತಕಗಳೂ ಇವೆ. ಆದರೆ ಬೇಡವೆನ್ನುವವನು ಮೊದಲು ಓದಿರಬೇಕು. ಓದದೆ ತಳ್ಳುವುದು ವಿವೇಕವಲ್ಲ, ಭಯ.

ಕಳೆದ ಪರ್ಯುಷಣದ ಕ್ಷಮಾವಣಿಯ ದಿನ ನಾನು ಮಗಳಲ್ಲಿ ಕ್ಷಮೆ ಕೇಳಿದೆ. “ಪುಸ್ತಕ ತೆಗೆದುಕೊಂಡಿದ್ದಕ್ಕೆ ನೋವಾಗಲಿಲ್ಲ ಅಪ್ಪಾಜಿ, ನೀವು ಅದನ್ನು ಓದಿ ನೋಡಲಿಲ್ಲವಲ್ಲ, ಅದಕ್ಕೆ ನೋವಾಯಿತು” ಎಂದಳು.

ಶಾಸ್ತ್ರದಾನದ ಹಣದಿಂದ ಪುಸ್ತಕ ಕೊಳ್ಳುವ ಟ್ರಸ್ಟುಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ಆಯ್ಕೆಯ ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳಿರಲಿ, ಒಬ್ಬ ವಿದ್ಯಾರ್ಥಿಯಿರಲಿ. ನಮ್ಮ ಕಪಾಟಿನ ಬೀಗದ ಕೈ ಈಗ ನನ್ನ ಬಳಿ ಇಲ್ಲ; ಯಾರು ಬೇಕಾದರೂ ತೆಗೆಯಲೆಂದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ.