ಸ್ವರ ತಪ್ಪಿದ ಯಂತ್ರ

ಯಂತ್ರವು ನೆಟ್ಟಗೆ ನಡೆಯುತ್ತಿರುವವರೆಗೆ ಅದರ ಒಡೆಯನಿಗೆ ಅದರ ಪರಿಚಯವಾಗುವದಿಲ್ಲ. ಅದು ನಿಂತ ದಿನವೇ ಪರಿಚಯಕ್ಕೆ ಆರಂಭ. ಆ ದಿನ ಕೆಲವರು ಯಂತ್ರಕ್ಕೆ ಬಯ್ಯುವರು; ಕೆಲವರು ಅದನ್ನು ಮಾಡಿದವರಿಗೆ ಬಯ್ಯುವರು; ಬಹುಜನರು ಅದನ್ನು ಮತ್ತೊಬ್ಬರ ಕೈಗೆ ಒಪ್ಪಿಸಿ, ಹಣ ಕೊಟ್ಟು, ಏನು ಕೆಟ್ಟಿತ್ತೆಂಬದನ್ನು ಕೇಳದೆಯೇ ಮನೆಗೆ ತರುವರು. ಎಲ್ಲಿಯೋ ಒಬ್ಬನು ಮಾತ್ರ ಅದರ ಮುಂದೆ ಮಣೆ ಹಾಕಿಕೊಂಡು ಕುಳಿತು, ‘ಇದು ಯಾಕೆ ನಿಂತಿತು?’ ಎಂದು ವಿಚಾರ ಮಾಡುವನು. ಅಂಥವನನ್ನು ಜನರು ಹವ್ಯಾಸಿಯೆಂದು ನಗುವದುಂಟು. ಆದರೆ ಆತನು ಮಾಡುತ್ತಿರುವದು ಒಂದು ಅಭ್ಯಾಸವೇ, ಪುಸ್ತಕವಿಲ್ಲದ ಅಭ್ಯಾಸ.

ಧಾರವಾಡ ಜಿಲ್ಲೆಯ ಎರೆಭೂಮಿಗೆ ಈ ಅಭ್ಯಾಸವು ಹೊಸದಲ್ಲ. ಮುಂಗಾರಿಗೆ ಮೊದಲು ಕೂರಿಗೆ ಕುಂಟೆಗಳನ್ನು ಹೊತ್ತು ರೈತನು ಕಮ್ಮಾರನ ಕುಲುಮೆಗೆ ಹೋದರೆ, ಸಾಮಾನು ಇಟ್ಟು ತಿರುಗಿ ಬರುತ್ತಿರಲಿಲ್ಲ. ತಾನೇ ತಿದಿಯೊತ್ತುತ್ತಿದ್ದನು, ಕುಡದ ಬಾಯಿ ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂಬದನ್ನು ಕಣ್ಣಾರೆ ನೋಡುತ್ತಿದ್ದನು. ಹೀಗಾಗಿ ಹೊಲದ ನಡುವೆ ಏನಾದರೂ ಮುರಿದರೆ ಆತನು ಕೈಚೆಲ್ಲಿ ಕೂಡ್ರುತ್ತಿರಲಿಲ್ಲ. ಸಾಧನವನ್ನು ಕೊಳ್ಳುವದು ಒಂದು, ಅದನ್ನು ಅರಿಯುವದು ಮತ್ತೊಂದು ಎಂಬ ಭೇದವೇ ಆ ಕಾಲದವರಿಗೆ ಗೊತ್ತಿದ್ದಿಲ್ಲ.

ಜಪಾನ ದೇಶದ ವೇಗದ ಕಾರುಗಳನ್ನು ಮನೆಯಂಗಳದಲ್ಲಿ ಬಿಚ್ಚಿ ಕೂಡಿಸುವ ಉತ್ಸಾಹಿಗಳು ಜಗತ್ತಿನಲ್ಲಿ ಅನೇಕರಿರುವರು. ನವಲಗುಂದ-ಕುಂದಗೋಳಗಳ ದಾರಿಗೆ ಆ ಕಾರುಗಳು ಬರಲಿಲ್ಲ. ಬಂದದ್ದು ಅವುಗಳ ಬಡ ತಮ್ಮ. ಯಮಹಾ ಆರ್‌ಎಕ್ಸ್ 100 ಎಂಬ ಮೋಟರು ಸೈಕಲ್ಲು 1985ರಲ್ಲಿ ಹಿಂದುಸ್ಥಾನದ ಪೇಟೆಗೆ ಇಳಿಯಿತು. ಆಕೃತಿಯು ಜಪಾನಿನದು, ಇಲ್ಲಿ ಕೂಡಿಸಿ ಮಾರಿದವರು ಎಸ್ಕಾರ್ಟ್ಸ್ ಕಂಪನಿಯವರು. ಅದರ ಸಿಲಿಂಡರಿನ ವ್ಯಾಸವು 50 ಮಿಲಿಮೀಟರು, ಪಿಸ್ಟನ್ನಿನ ಓಟವೂ 50 ಮಿಲಿಮೀಟರು. ಒಳಗಿನ ಅವಕಾಶವು 98 ಘನ ಸೆಂಟಿಮೀಟರು, ಅಂದರೆ ಒಂದು ಚಹದ ಕಪ್ಪಿನಷ್ಟು. ಅಷ್ಟರಿಂದಲೇ 11 ಕುದುರೆಗಳ ಬಲವು ಹೊರಡುತ್ತಿತ್ತು. ಗಾಡಿಯ ತೂಕವು ನೂರು ಕಿಲೋಗ್ರಾಮಿಗೆ ತುಸುವೇ ಹೆಚ್ಚು. ಮೆಣಸಿನಕಾಯಿಯ ಹಂಗಾಮಿನಲ್ಲಿ ಹುಬ್ಬಳ್ಳಿಯ ಪೇಟೆಗೂ, ಅಮಾವಾಸ್ಯೆಗೆ ಬೀಗರ ಊರಿಗೂ, ನಡುರಾತ್ರಿ ದವಾಖಾನೆಗೂ ಅದೇ ಓಡಿತು. 1996ರಲ್ಲಿ ಅದರ ತಯಾರಿಕೆಯು ನಿಂತಿತು. ಅದರ ಮೇಲಿನ ಮೋಹವು ಮಾತ್ರ ನಿಲ್ಲಲಿಲ್ಲ.

ಕುಂದಗೋಳ ತಾಲೂಕಿನ ಒಂದು ಹಳ್ಳಿಯಲ್ಲಿ ಇಂಥದೊಂದು ಗಾಡಿಯು ಹಿತ್ತಲಿನ ತಗಡಿನ ಚಪ್ಪರದಲ್ಲಿ ಎಂಟು ವರ್ಷ ನಿಂತಿತ್ತು. ಅದನ್ನು ಕೊಂಡ ಹಿರಿಯರು ತೀರಿಕೊಂಡ ಬಳಿಕ ಅದನ್ನು ಯಾರೂ ಹತ್ತಿರಲಿಲ್ಲ. ಪ್ರತಿ ವರ್ಷ ಖಂಡೆಪೂಜೆಯ ದಿನ ಅವರ ಹೆಂಡತಿಯು ಅದರ ಮೇಲಿನ ಧೂಳು ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆಸುವಳು; ಮತ್ತೆ ಮರುವರ್ಷದವರೆಗೆ ಗೋಣಿಚೀಲದ ಹೊದಿಕೆ. ಮಗನು ಕನ್ನಡ ಶಾಲೆಯ ಮಾಸ್ತರನು. ಒಂದು ದಿನ ಹುಬ್ಬಳ್ಳಿಯಿಂದ ಬಂದ ಒಬ್ಬ ತರುಣನು ಆ ಗಾಡಿಗೆ ಅದರ ಮೊದಲಿನ ಬೆಲೆಯ ಎಷ್ಟೋ ಪಟ್ಟು ಕೊಡುವೆನೆಂದನು. ದಸರೆಯ ರಜೆ ಮುಗಿಯುವದರೊಳಗೆ ಉತ್ತರ ಕೊಡಬೇಕೆಂದು ಹೇಳಿ ಹೋದನು. ಮಾಸ್ತರನು ಮಾರುವದಕ್ಕೂ ಇಟ್ಟುಕೊಳ್ಳುವದಕ್ಕೂ ಮೊದಲು, ಅದು ಯಾಕೆ ನಡೆಯುವದಿಲ್ಲವೆಂಬದನ್ನು ತಿಳಿಯಬೇಕೆಂದು ನಿಶ್ಚಯಿಸಿದನು.

ಎಂಜಿನ್ನಿಗೆ ಜೀವ ಬರಬೇಕಾದರೆ ಮೂರು ಬೇಕು: ಗಾಳಿ ಪೆಟ್ರೋಲುಗಳ ಹದವಾದ ಮಿಶ್ರಣ, ಸಮಯಕ್ಕೆ ಸರಿಯಾದ ಕಿಡಿ, ಸಿಲಿಂಡರಿನೊಳಗೆ ಒತ್ತಡ. ಮಾಸ್ತರನು ಇವನ್ನು ವಹಿಯಲ್ಲಿ ಬರೆದುಕೊಂಡು, ಕೆಳಗೆ ಎರಡು ನಿಯಮಗಳನ್ನು ಹಾಕಿಕೊಂಡನು. ಸುಲಭವಾದುದನ್ನು ಮೊದಲು ನೋಡುವದು. ಒಂದು ಸಲಕ್ಕೆ ಒಂದೇ ಬದಲು ಮಾಡುವದು. ಎರಡು ಕಡೆ ಒಮ್ಮೆಗೇ ಕೈ ಹಾಕಿ ಗುಣ ಕಂಡರೆ, ಯಾವದರಿಂದ ಗುಣವಾಯಿತೆಂಬದು ತಿಳಿಯದು. ಗಾಡಿ ನಡೆದೀತು, ವಿದ್ಯೆ ಬಾರದು.

ಟಾಕಿಯ ಪೆಟ್ರೋಲು ಹಳಸಿ ವಾರ್ನಿಸಿನಂತೆ ನಾರುತ್ತಿತ್ತು. ಅದನ್ನು ಚೆಲ್ಲಿ, ಒಳಗಿನ ತುಕ್ಕನ್ನು ಸಣ್ಣ ಹರಳು ಹಾಕಿ ಕುಲುಕಿ ತೊಳೆದದ್ದಾಯಿತು. ಟಾಕಿಯನ್ನು ದೂರವಿಟ್ಟು, ಪ್ಲಗ್ಗನ್ನು ಬಿಚ್ಚಿ ಸಿಲಿಂಡರಿನ ನೆತ್ತಿಗೆ ತಾಗಿಸಿ ಕಿಕ್ ಹೊಡೆದಾಗ ನೀಲಿ ಕಿಡಿ ಹಾರಿತು. ಅಲ್ಲಿಗೆ ಮೂರರಲ್ಲಿ ಒಂದರ ಚಿಂತೆ ತೀರಿತು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಗಾಳಿಯು ಬೆರಳನ್ನು ಹಾರಿಸುತ್ತಿತ್ತು, ಒತ್ತಡವೂ ಇದ್ದಂತಾಯಿತು. ಉಳಿದದ್ದು ಕಾರ್ಬುರೇಟರು. ಅದರ ಸೂಕ್ಷ್ಮ ರಂಧ್ರಗಳು ಕಟ್ಟಿಹೋಗಿದ್ದವು. ಅವುಗಳಿಗೆ ಉಕ್ಕಿನ ಸೂಜಿ ಹಾಕಬಾರದು. ರಂಧ್ರವು ಕೂದಲಿನಷ್ಟು ದೊಡ್ಡದಾದರೂ ಹದ ಕೆಡುವದು. ವಿದ್ಯುತ್ತಿನ ತಂತಿಯೊಳಗಿನ ಒಂದು ತಾಮ್ರದ ಎಳೆಯಿಂದ ಅವು ತೆರೆದವು. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲು ನೀರನ್ನು ಹೀರುವದು, ಹಳೆಯ ರಬ್ಬರನ್ನು ಕೆಡಿಸುವದು. ಆದುದರಿಂದ ಕೊಳವೆಗಳನ್ನೂ ರಬ್ಬರಿನ ಬಳೆಗಳನ್ನೂ ಹೊಸದಾಗಿ ಹಾಕಿದನು.

ಇನ್ನೊಂದು ಎಚ್ಚರವು ಇದಕ್ಕಿಂತಲೂ ದೊಡ್ಡದು. ಈ ಜಾತಿಯ ಎಂಜಿನ್ನಿಗೆ ಕೀಲೆಣ್ಣೆಯು ಪೆಟ್ರೋಲಿನೊಡನೆಯೇ ಹೋಗಿ ಉರಿಯಬೇಕು. ಅದನ್ನು ಕೊಡಲಿಕ್ಕೆ ಬೇರೊಂದು ಸಣ್ಣ ಪಂಪು ಇರುವದು. ಬಹು ದಿವಸ ನಿಂತ ಗಾಡಿಯಲ್ಲಿ ಆ ಪಂಪಿನ ಕೊಳವೆಗೆ ಗಾಳಿ ಹೊಕ್ಕಿದ್ದರೆ ಎಣ್ಣೆಯು ಮುಟ್ಟುವದಿಲ್ಲ. ಕೆಲವೇ ಮೈಲಿಗಳಲ್ಲಿ ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವದು. ಮಾಸ್ತರನು ಪಂಪಿನೊಳಗಿನ ಗಾಳಿಯನ್ನು ಬಿಟ್ಟನು; ಅದರ ಮೇಲೆ ನಂಬಿಕೆ ಬರುವವರೆಗೆ ಲೀಟರಿಗೆ 40 ಮಿಲಿಲೀಟರಿನಂತೆ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಕಲಿಸಿದನು.

ಮರುದಿನ ಹತ್ತು ಹನ್ನೆರಡು ಕಿಕ್ಕುಗಳ ಮೇಲೆ ಗಾಡಿಯು ಹೊಗೆಯುಗುಳಿ ಎದ್ದಿತು. ಓಣಿಯ ಹುಡುಗರು ಕೇಕೆ ಹಾಕಿದರು. ತಾಯಿಯು ಹಿತ್ತಲಬಾಗಿಲಿಗೆ ಬಂದು ಕಿವಿಗೊಟ್ಟು ನಿಂತಳು, ಆಮೇಲೆ ತಲೆಯಲ್ಲಾಡಿಸಿದಳು.

“ಇದು ಅದರ ಸಪ್ಪಳ ಅಲ್ಲ, ತಮ್ಮಾ. ನಿಮ್ಮಪ್ಪ ಅಗಸಿ ದಾಟಿದ್ರ ಸಾಕು, ನನಗ ಇಲ್ಲಿ ಗೊತ್ತಾಕ್ಕಿತ್ತು. ಆ ಸಪ್ಪಳಾ ಕೇಳಿ ನಾ ಹಂಚು ಒಲಿ ಮ್ಯಾಲ ಇಡ್ತಿದ್ದೆ.”

ಆಕೆಯ ಮಾತು ನಿಜವಾಗಿತ್ತು. ಎಂಜಿನ್ನು ಮೆಲ್ಲಗೆ ನಡೆಯಲೊಲ್ಲದು. ವೇಗ ಕೊಟ್ಟರೆ ನೆಟ್ಟಗೆ ಹಾಡುವದು, ಬಿಟ್ಟರೆ ಬಿಕ್ಕುವದು, ಕೊನೆಗೆ ನಿಲ್ಲುವದು. ನೋಡಬಂದವರಲ್ಲಿ ಒಬ್ಬನು ಹೊಸ ಕಾರ್ಬುರೇಟರು ತರಲು ಹೇಳಿದನು. ಮತ್ತೊಬ್ಬನು ಸಿಲಿಂಡರನ್ನು ಬೋರು ಮಾಡಿಸಲು ಹೇಳಿದನು. ಕಾರ್ಬುರೇಟರು ಮತ್ತೊಮ್ಮೆ ತೊಳೆಯಲ್ಪಟ್ಟಿತು, ಗುಣವಿಲ್ಲ. ಪ್ಲಗ್ಗು ಬದಲಾಯಿತು, ಗುಣವಿಲ್ಲ. ಆದರೆ ವಹಿಯಲ್ಲಿ ಒಂದು ಸಾಲು ಬಿದ್ದಿತ್ತು: ‘ಗಾಳಿ ಸೋಸುವ ಜಾಲರಿಯು ಪೆಟ್ರೋಲಿನಿಂದ ತೊಯ್ದಿದೆ.’ ಕುಂದಗೋಳದ ಒಬ್ಬ ಮುಪ್ಪಿನ ಮಿಸ್ತ್ರಿಯ ಮುಂದೆ ಮಾಸ್ತರನು ಆ ವಹಿಯನ್ನು ಓದಿದನು. ಆತನು ಗಾಡಿಯನ್ನು ಮುಟ್ಟಲೇ ಇಲ್ಲ.

“ಪೆಟ್ರೋಲ್ ಒಳಗ ಹೋಗೂದ್ರೀ, ಮಾಸ್ತರ್ರ. ಅದು ಹೊರಳಿ ಯಾಕ ಬಂತು?”

“ಬಾಗಿಲಾ ಮುಚ್ಚಿಲ್ಲ ಅಂತೀರೇನು, ಕಾಕಾ?”

“ನಾ ಏನೂ ಅನ್ನೂದಿಲ್ಲ. ನೀವಽ ತಗದು ನೋಡ್ರಿ.”

ಇಂಥ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲಕ್ಕೇರುವಾಗ ಕೆಳಗಿನ ಪೆಟ್ಟಿಗೆಯೊಳಗೆ ಗಾಳಿ ಪೆಟ್ರೋಲುಗಳು ಹೀರಲ್ಪಡುವವು. ಇಳಿಯುವಾಗ ಅವು ಮೇಲಕ್ಕೆ ತಳ್ಳಲ್ಪಡುವವು. ಒಳಗೆ ಬಂದದ್ದು ಬಂದ ದಾರಿಯಿಂದಲೇ ಓಡಿಹೋಗದಂತೆ ದಾರಿಯಲ್ಲಿ ತೆಳ್ಳಗಿನ ಉಕ್ಕಿನ ಪಟ್ಟಿಗಳ ಬಾಗಿಲೊಂದು ಇರುವದು. ಗಾಳಿಯು ಒಳಗೆ ಬರುವಾಗ ಅವು ಬಾಗಿ ತೆರೆಯುವವು. ತಿರುಗಿ ಒತ್ತುವಾಗ ತಾವಾಗಿಯೇ ಮುಚ್ಚಿಕೊಳ್ಳುವವು. ವೇಗ ಹೆಚ್ಚಿದ್ದಾಗ ಈ ಬಾಗಿಲಿನ ಸಣ್ಣ ಬಿರುಕು ಅಷ್ಟಾಗಿ ತೋರದು. ಮೆಲ್ಲಗೆ ನಡೆಯುವಾಗ ಅದೇ ಉಸಿರು ಕಟ್ಟಿಸುವದು. ಮಾಸ್ತರನು ಅದನ್ನು ಹೊರತೆಗೆದು ಬಿಸಿಲಿಗೆ ಹಿಡಿದನು. ಮುಚ್ಚಿದ ಪಟ್ಟಿಯ ಮೂಲೆಯಲ್ಲಿ ಬೆಳಕಿನ ಒಂದು ಗೆರೆಯು ಕಂಡಿತು. ಮೂಲೆಯ ಒಂದು ಚೂರು ಒಡೆದುಹೋಗಿತ್ತು.

ಪೇಟಿ ಕಲಿಯುತ್ತಿದ್ದ ಆತನ ಮಗಳು ಬಗ್ಗಿ ನೋಡಿ, “ಅಪ್ಪಾ, ಇದು ಪೇಟಿ ಒಳಗಿನ ಪಟ್ಟಿ ಇದ್ದಂಗ ಐತಲ್ಲಾ!” ಎಂದಳು.

ಸವಾಯಿ ಗಂಧರ್ವರ ಊರಿನ ಸೀಮೆಯಲ್ಲಿ ಬೆಳೆದ ಹುಡುಗಿಗೆ ಈ ಹೋಲಿಕೆಯು ಸಹಜವೇ. ಪೇಟಿಯ ಪಟ್ಟಿಯು ತನ್ನ ಸಂದಿಯಲ್ಲಿ ಅತ್ತಿತ್ತ ಕಂಪಿಸಿ ಸ್ವರ ಕೊಡುವದು. ಎಂಜಿನ್ನಿನ ಪಟ್ಟಿಯು ತನ್ನ ಪೀಠಕ್ಕೆ ಬಂದು ಕುಳಿತು ದಾರಿ ಕಟ್ಟುವದು. ಕೆಲಸ ಬೇರೆ, ಆದರೆ ಒಂದು ತುದಿ ಬಿಗಿದ, ಒಂದು ತುದಿ ಬಿಟ್ಟ, ಗಾಳಿಗೆ ಬಾಗುವ ಲೋಹದ ಪಟ್ಟಿ ಎರಡೂ ಕಡೆಗೆ ಉಂಟು. ಆಕೆ ಅರಿಯದೆ ಆಡಿದ ಮಾತಿಗೆ ಮತ್ತೊಂದು ಅರ್ಥವೂ ಇದೆ. 1887ರಲ್ಲಿ ಜಪಾನಿನ ಹಮಾಮತ್ಸು ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಪರದೇಶದಿಂದ ತರಿಸಿದ್ದ ಕಾಲುಪೇಟಿಯು ಕೆಟ್ಟಿತು. ವೈದ್ಯಕೀಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ತೊರಾಕುಸು ಯಮಹಾ ಎಂಬವನನ್ನು ಕರೆತಂದರು. ಆತನು ಅದನ್ನು ಬಿಚ್ಚಿ ಸರಿಪಡಿಸಿದನು. ಬಿಚ್ಚಿದಾಗ ಅದರ ರಚನೆಯನ್ನು ಬರೆದುಕೊಂಡು, ತಾನೇ ಒಂದನ್ನು ಕಟ್ಟಿದನು. ಕಟ್ಟಿದ್ದನ್ನು ಜೊತೆಗಾರನೊಡನೆ ಅಡ್ಡೆಯ ಮೇಲೆ ಹೊತ್ತು, ಹಾಕೊನೆ ಬೆಟ್ಟಗಳನ್ನು ದಾಟಿ, ಸುಮಾರು 250 ಕಿಲೋಮೀಟರು ನಡೆದು ಟೋಕಿಯೋದ ಸಂಗೀತ ವಿದ್ಯಾಲಯಕ್ಕೆ ಒಯ್ದನು. ಅಲ್ಲಿಯವರು ಪರೀಕ್ಷಿಸಿ, ಸ್ವರ ಸರಿಯಿಲ್ಲವೆಂದರು. ಆತನು ಅಲ್ಲಿಯೇ ನಿಂತು ಸ್ವರಶಾಸ್ತ್ರವನ್ನು ಕಲಿತು, ತಿರುಗಿ ಬಂದು ಎರಡನೆಯದನ್ನು ಕಟ್ಟಿದನು, ಅದು ಒಪ್ಪಿಗೆಯಾಯಿತು. ಅದರಿಂದ ಬೆಳೆದ ವಾದ್ಯಗಳ ಕಂಪನಿಯಿಂದಲೇ 1955ರಲ್ಲಿ ಮೋಟರು ಸೈಕಲ್ಲಿನ ಕಂಪನಿಯು ಬೇರೆಯಾಯಿತು. ಟಾಕಿಯ ಮೇಲಿನ ಯಮಹಾ ಮುದ್ರೆಯಲ್ಲಿ ಅಡ್ಡಹಾಯ್ದ ಮೂರು ಕವಲುಗಳು ಸ್ವರ ನೋಡುವ ಶ್ರುತಿಕವಲುಗಳು. ಒಡೆದದ್ದನ್ನು ‘ಯಾಕೆ?’ ಎಂದು ಕೇಳಿದವನ ಹೆಸರೇ ಆ ಗಾಡಿಯ ಹೆಸರು.

ಪಟ್ಟಿಯನ್ನು ಬದಲಿಸುವದು ಸುಲಭ. ಆದರೆ ಒಡೆದ ಚೂರು ಎಲ್ಲಿ ಹೋಯಿತು? ಅದು ಒಳಗಿದ್ದರೆ ಸಿಲಿಂಡರನ್ನು ಕೆರೆದು ಹಾಳುಮಾಡುವದು. ಸಿಲಿಂಡರನ್ನು ಕಳಚಲೇಬೇಕಾಯಿತು. ತಾಯಿಯು ಅಂಜಿದಳು. ಯಜಮಾನರು ಇದ್ದಾಗ ಕೂಡಿಸಿದ್ದನ್ನು ಬಿಚ್ಚಿದ ಮೇಲೆ ತಿರುಗಿ ಕೂಡದಿದ್ದರೆ ಏನು ಗತಿ? ನಿಂತ ಗಾಡಿಯಾದರೂ ಇಡಿಯಾಗಿದೆ. ಬುಟ್ಟಿಯಲ್ಲಿ ತುಂಬಿಟ್ಟ ತುಂಡುಗಳಿಗೆ ಯಾರು ಕುಂಕುಮ ಹಚ್ಚುವರು? ಈ ಅಂಜಿಕೆಯು ಅನೇಕ ಮನೆಗಳಲ್ಲಿ ಅನೇಕ ವಸ್ತುಗಳನ್ನು ಕೆಟ್ಟ ಸ್ಥಿತಿಯಲ್ಲಿಯೇ ಕಾಯ್ದಿಟ್ಟಿದೆ. ಮಾಸ್ತರನು ಒಂದೊಂದು ತಿರುಪನ್ನು ತೆಗೆದಂತೆ ಬಿಳಿ ಅರಿವೆಯ ಮೇಲೆ ಸಾಲಾಗಿ ಇಟ್ಟನು. ಮಗಳು ಒಂದೊಂದರ ಮುಂದೆ ಅಂಕೆಯ ಚೀಟಿಯನ್ನು ಇಟ್ಟಳು. ಪಿಸ್ಟನ್ನಿನ ಮೈಮೇಲೆ ಗೆರೆ ಬಿದ್ದಿರಲಿಲ್ಲ. ಕೆಳಗಿನ ಪೆಟ್ಟಿಗೆಯ ಎಣ್ಣೆಯ ಜಿಡ್ಡಿನಲ್ಲಿ ಉಗುರಿನ ತುದಿಯಷ್ಟು ಚೂರು ಸಿಕ್ಕಿಕೊಂಡಿತ್ತು.

ಹೊಸ ಪಟ್ಟಿಯನ್ನು ಹಾಕಿ, ಚೀಟಿಗಳನ್ನು ಹಿಂದಿನಿಂದ ಮುಂದಕ್ಕೆ ಎಣಿಸುತ್ತ ಎಲ್ಲವನ್ನೂ ಕೂಡಿಸಿದಾಗ ಸಂಜೆಯಾಗಿತ್ತು. ಎರಡನೆಯ ಕಿಕ್ಕಿಗೆ ಎಂಜಿನ್ನು ಎದ್ದು, ಬಿಕ್ಕದೆ ಮೆಲ್ಲಗೆ ನಡೆಯಿತು. ತಾಯಿಯು ಹೊರಗೆ ಬರಲಿಲ್ಲ. ಮಾಸ್ತರನು ಕೈ ಒರೆಸಿಕೊಳ್ಳುತ್ತ ಒಳಗೆ ಹೋಗಿ ಕೇಳಿದಾಗ ಅಡಿಗೆಮನೆಯಿಂದ, “ಕೇಳಿಸ್ತು. ಅದಽ ಐತಿ,” ಎಂದಳು.

ಈ ಜಾತಿಯ ಎಂಜಿನ್ನಿನ ಗುಣಗಾನವನ್ನು ಅತಿಯಾಗಿ ಮಾಡುವದು ಯೋಗ್ಯವಲ್ಲ. ಅದು ಎಣ್ಣೆಯನ್ನು ಸುಡುವದು, ಉರಿಯದ ಪೆಟ್ರೋಲನ್ನೂ ಹೊರಗೆ ಚೆಲ್ಲುವದು. ಗಾಳಿಯನ್ನು ಕೆಡಿಸುವದೆಂಬ ಕಾರಣದಿಂದಲೇ ಅದರ ಕಾಲವು ಮುಗಿಯಿತು. ಹದಿನೈದು ವರ್ಷ ಮೀರಿದ ಗಾಡಿಯ ನೋಂದಣಿಯನ್ನು ಮತ್ತೆ ಮತ್ತೆ ಹೊಸದುಮಾಡಿಸಬೇಕು. ಮಾಸ್ತರನು ದಿನಾಲು ಶಾಲೆಗೆ ಹೋಗುವದು ಬಸ್ಸಿನಲ್ಲಿಯೇ. ಈ ಗಾಡಿಯು ಹಬ್ಬಹುಣ್ಣಿವೆಗೆ ಹೊರಬೀಳುವದು. ಹುಬ್ಬಳ್ಳಿಯ ತರುಣನು ಬರಿಗೈಯಿಂದ ಮರಳಿದನು. ಆದರೆ ಆತನು ಆಸಕ್ತಿಯಿಂದ ಕೇಳಿದ್ದರಿಂದ, ಮಾಸ್ತರನು ತನ್ನ ವಹಿಯನ್ನು ನಕಲು ಮಾಡಿಕೊಳ್ಳಲು ಕೊಟ್ಟನು.

ಕಿರ್ಲೋಸ್ಕರ ಲಕ್ಷ್ಮಣರಾಯರು 1888ರಲ್ಲಿ ಬೆಳಗಾವಿಯಲ್ಲಿ ಇಟ್ಟದ್ದು ಒಂದು ಸಾಯಕಲ್ಲಿನ ಅಂಗಡಿ. ಅವರ ಕಬ್ಬಿಣದ ನೇಗಿಲು ಬಂದದ್ದು ಆಮೇಲೆ. ಹಮಾಮತ್ಸುವಿನಲ್ಲಿ ಪೇಟಿಯ ದುರಸ್ತಿ ಮೊದಲು, ಕಾರಖಾನೆ ಆಮೇಲೆ. ಒಡೆದದ್ದನ್ನು ಅರಿತು ಕೂಡಿಸುವವರ ಬಳಗದಿಂದಲೇ ಹೊಸದನ್ನು ಕಟ್ಟುವವರು ಹೊರಡುವರು. ದುರಸ್ತಿ ಮಾಡಿದವರೆಲ್ಲ ಕಾರಖಾನೆ ಕಟ್ಟಬೇಕೆಂದಿಲ್ಲ. ಮನೆಯಲ್ಲಿ ನಡೆಯುವ ಹತ್ತು ಯಂತ್ರಗಳಲ್ಲಿ ಒಂದನ್ನಾದರೂ ಮನೆಯವರು ಬಿಚ್ಚಿ ನೋಡಿ, ಅದರ ಸ್ವರವನ್ನು ಕಿವಿಯಿಂದ ಗುರುತಿಸಬಲ್ಲವರಾದರೆ, ಆ ಮನೆಯ ಮಕ್ಕಳಿಗೆ ‘ಯಾಕೆ?’ ಎಂದು ಕೇಳುವ ರೂಢಿಯು ತಾನಾಗಿಯೇ ಬರುವದು. ಆ ರೂಢಿಯು ಗಾಡಿಗಿಂತ ಬಹು ಕಾಲ ಬಾಳುವದು.