ಬೀಳುವ ಹಲ್ಲೆಂದು ಬಿಟ್ಟುಬಿಡಬೇಡಿ

'ಹೇಗಿದ್ದರೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಡಾಕ್ಟರು?' ಎನ್ನುವವರು ಬಹಳ. ಲೆಕ್ಕ ಹಾಕಿದರೆ ಈ ವಾದ ನಿಲ್ಲುವುದಿಲ್ಲ. 20 ಹಾಲುಹಲ್ಲುಗಳಲ್ಲಿ ಮುಂದಿನವು ಆರೇಳು ವರ್ಷಕ್ಕೆ ಬೀಳತೊಡಗುತ್ತವೆ, ನಿಜ. ಆದರೆ ದವಡೆಹಲ್ಲುಗಳು 10-12 ವರ್ಷದವರೆಗೂ ಬಾಯಲ್ಲಿರಬೇಕು. ಮಗು ಅಗಿಯುವುದು ಅವುಗಳಿಂದಲೇ. ಒಸಡಿನೊಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾಯುವುದೂ ಅವೇ. ಹುಳುಕಾಗಿ ಅವಧಿಗೆ ಮುಂಚೆ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಬಹುದು, ಹೊಸ ಹಲ್ಲು ಸೊಟ್ಟಗೆ ಬರಬಹುದು. ಹಾಲುಹಲ್ಲಿನ ಎನಾಮಲ್ ಬೇರೆ ತೆಳು. ಹುಳುಕು ಬೇಗನೆ ನರಕ್ಕೆ ಇಳಿಯುತ್ತದೆ.

'ನಾವು ಚಾಕೊಲೇಟೇ ಕೊಡುವುದಿಲ್ಲ' ಎಂಬ ಸಮಾಧಾನವೂ ಸಾಲದು. ಸಕ್ಕರೆ ಹಾಕಿದ ಹಾಲಿನ ಬಾಟಲಿ ಕಚ್ಚಿಕೊಂಡೇ ಮಗು ಮಲಗಿದರೆ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಸಿಹಿ ಹಲ್ಲಿನ ಮೇಲೆಯೇ ಉಳಿಯುತ್ತದೆ. ಇನ್ನು, ಕೋಲಾರದಂಥ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವಾಗ ಪೇಸ್ಟಿನದ್ದೂ ಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಕಲೆ ಬೀಳುವ ಅಪಾಯವಿರುವುದು ಪೇಸ್ಟ್ ನುಂಗುವುದರಲ್ಲಿ. ಆದ್ದರಿಂದಲೇ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 6ರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕೆನ್ನುವುದು. ಅಂಥ ಊರುಗಳಲ್ಲಿ ದಂತವೈದ್ಯರನ್ನು ಕೇಳಿಯೇ ಪೇಸ್ಟ್ ಆರಿಸಬೇಕು. ಮಕ್ಕಳು ತಾವೇ ಉಜ್ಜಿಕೊಳ್ಳಲಿ, ಆದರೆ ಏಳೆಂಟು ವರ್ಷದವರೆಗೆ ದೊಡ್ಡವರು ಮತ್ತೊಮ್ಮೆ ಉಜ್ಜಿಬಿಡಿ, ರಾತ್ರಿಯಂತೂ ತಪ್ಪಿಸಬೇಡಿ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ನೋವು ಬಂದ ಮೇಲೆ ಓಡುವುದಕ್ಕಿಂತ ಇದು ಅಗ್ಗ, ಮಗುವಿಗೂ ಹಿತ.